ಗ್ಯಾರೇಜಿನಲ್ಲೊಂದು ವರ್ಕ್‌ಶಾಪ್: ಯಂತ್ರ ಕೊಳ್ಳುವ ಮೊದಲು ಮುಗಿಸಬೇಕಾದ ಕೆಲಸಗಳು

[ಖಾಲಿ ಗ್ಯಾರೇಜಿನ ನೆಲದ ಮೇಲೆ ಹಳೆಯ ಪತ್ರಿಕೆಯ ಹಾಳೆಗಳು ಹರಡಿವೆ. ಒಂದು ಕೈ ಹಾಳೆಯನ್ನು ಅಳತೆಗೆ ಕತ್ತರಿಸುತ್ತಿದೆ.]

ನಮಸ್ಕಾರ. ನೆಲದ ಮೇಲೆ ಕಾಣುತ್ತಿರುವ ಈ ಪತ್ರಿಕೆಯ ತುಂಡುಗಳೇ ಸದ್ಯಕ್ಕೆ ನಮ್ಮ ಯಂತ್ರಗಳು. ಇದು ಟೇಬಲ್ ಸಾ, ಎಂದರೆ ಮೇಜಿನ ನಡುವಿನಿಂದ ತಿರುಗುವ ಬ್ಲೇಡು ಮೇಲೆ ಚಾಚಿರುವ ಗರಗಸ; ಮೂಲೆಯಲ್ಲಿರುವುದು ಡ್ರಿಲ್ ಪ್ರೆಸ್, ಎಂದರೆ ನೆಟ್ಟಗೆ ತೂತು ಕೊರೆಯುವ ಯಂತ್ರ; ಗೋಡೆಯ ಉದ್ದಕ್ಕೂ ಹಾಸಿರುವುದು ವರ್ಕ್‌ಬೆಂಚ್. ಮನೆಯ ಗ್ಯಾರೇಜನ್ನು ವರ್ಕ್‌ಶಾಪ್ ಮಾಡಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಯಂತ್ರ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ, ಜಾಗ ಸಿಕ್ಕ ಮೇಲೆ ಹತ್ತಿರದಲ್ಲಿ ಸಾಕೆಟ್ ಇಲ್ಲವೆಂದು ಪೇಚಾಡುತ್ತಾರೆ, ಕೊನೆಗೆ ಬೆಳಕು ಸಾಲದೆ ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಾರೆ. ನಾನು ಆರಂಭಿಸಿದ್ದೂ ಹಾಗೆಯೇ. ಈ ವಿಡಿಯೋದಲ್ಲಿ ಆ ಕ್ರಮವನ್ನು ತಿರುವಿ ಹಾಕೋಣ. ಜಾಗ, ನೆಲ, ವಿದ್ಯುತ್ತು, ಬೆಳಕು, ದೂಳು ಇವುಗಳ ಲೆಕ್ಕ ಮುಗಿದ ಬಳಿಕವೇ ಯಂತ್ರದ ಮಾತು.

ಒಂದು ಕಾರು ನಿಲ್ಲುವ ಗ್ಯಾರೇಜ್ 3 ಮೀಟರ್ ಅಗಲ, 6 ಮೀಟರ್ ಉದ್ದ ಇದೆಯೆಂದು ಇಟ್ಟುಕೊಳ್ಳೋಣ. ಜಾಗದ ಲೆಕ್ಕ ಹಾಕುವಾಗ ಯಂತ್ರದ ಅಳತೆಗಿಂತಲೂ ಅದರ ಮೇಲೆ ಹಾದುಹೋಗುವ ಹಲಗೆಯ ಅಳತೆ ಮುಖ್ಯವಾಗುತ್ತದೆ. ಪ್ಲೈವುಡ್ಡಿನ ಪೂರ್ಣ ಹಾಳೆ 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲ ಇರುತ್ತದೆ. ಅದನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ ಎರಡೂವರೆ ಮೀಟರ್, ಹಿಂದೆ ಎರಡೂವರೆ ಮೀಟರ್ ಖಾಲಿ ಇರಬೇಕು, ನಿಂತು ತಳ್ಳುವವರಿಗೂ ಮುಕ್ಕಾಲು ಮೀಟರ್ ಬೇಕು. ಅಲ್ಲಿಗೆ ಗ್ಯಾರೇಜಿನ ಉದ್ದ ಹೆಚ್ಚುಕಡಿಮೆ ಮುಗಿದೇ ಹೋಯಿತು. ಆದ್ದರಿಂದ ಟೇಬಲ್ ಸಾ ಅನ್ನು ಬಾಗಿಲಿಗೆ ಹತ್ತಿರ, ಸೀಳಿದ ಹಾಳೆ ತೆರೆದ ಬಾಗಿಲಿನಿಂದ ಹೊರಗೆ ಹಾಯುವಂತೆ ಇಡುವುದು ನನಗೆ ಕಂಡ ಅತ್ಯಂತ ಸರಳ ಉಪಾಯ. ಆಗ ಅಂಗಳವೂ ವರ್ಕ್‌ಶಾಪಿನ ಭಾಗವಾಗುತ್ತದೆ. ಡ್ರಿಲ್ ಪ್ರೆಸ್ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬಹುದು, ಆದರೆ ಉದ್ದನೆಯ ಪಟ್ಟಿಗೆ ತೂತು ಕೊರೆಯುವಾಗ ಅದರ ಎಡಬಲಗಳು ತೆರವಾಗಿರಬೇಕು. ಪತ್ರಿಕೆಯ ತುಂಡುಗಳನ್ನು ಒಂದು ವಾರ ಹಾಗೆಯೇ ಬಿಟ್ಟು, ಕೈಯಲ್ಲೊಂದು ಉದ್ದನೆಯ ಪಟ್ಟಿ ಹಿಡಿದು ಅವುಗಳ ನಡುವೆ ಓಡಾಡಿ ನೋಡಿದರೆ, ಎಲ್ಲಿ ತಗಲುತ್ತದೆ, ಎಲ್ಲಿ ತಿರುಗಲಾಗುವುದಿಲ್ಲ ಎಂಬುದು ಯಾವ ನಕ್ಷೆಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ. ಜಾಗ ತೀರಾ ಇಕ್ಕಟ್ಟಾಗಿದ್ದರೆ ಯಂತ್ರಗಳ ಕೆಳಗೆ ಬೀಗಬೀಳುವ ಗಾಲಿಗಳನ್ನು ಹಾಕಿಸಿ, ಕೆಲಸವಿದ್ದಾಗ ಮಾತ್ರ ನಡುವಿಗೆ ಎಳೆದುಕೊಳ್ಳಬಹುದು.

[ನೆಲದ ಮೇಲಿಟ್ಟ ರಸಮಟ್ಟದಲ್ಲಿ ಗುಳ್ಳೆ ಒಂದು ಬದಿಗೆ ಸರಿದು ನಿಂತಿದೆ.]

ಗ್ಯಾರೇಜಿನ ನೆಲವನ್ನು ನೀರು ಹೊರಗೆ ಹರಿಯಲೆಂದು ಬಾಗಿಲಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ಇಳಿಜಾರು ನೂರಕ್ಕೆ ಒಂದರಷ್ಟೇ ಇದ್ದರೂ, ಎರಡು ಮೀಟರ್ ಉದ್ದದ ಬೆಂಚಿನ ಎರಡು ತುದಿಗಳ ನಡುವೆ ಎರಡು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಬೆಂಚಿನ ಕಾಲುಗಳಿಗೆ ತಿರುಪಿನಿಂದ ಎತ್ತರ ಹೊಂದಿಸುವ ಪಾದಗಳಿದ್ದರೆ ಈ ಕಷ್ಟ ಒಂದೇ ಸಲಕ್ಕೆ ಕಳೆಯುತ್ತದೆ. ಕಾಂಕ್ರೀಟಿಗೆ ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿಯುವ ಆಸೆ ಇದ್ದವರು ಮೊದಲು ಅದರ ತೇವವನ್ನು ಪರೀಕ್ಷಿಸಬೇಕು. ಅರ್ಧ ಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಅಥವಾ ಅಷ್ಟು ಜಾಗದ ಕಾಂಕ್ರೀಟ್ ಕಪ್ಪಗಾಗಿದ್ದರೆ, ನೆಲದಡಿಯಿಂದ ತೇವ ಮೇಲೇರುತ್ತಿದೆ ಎಂದರ್ಥ. ಅಂಥ ನೆಲಕ್ಕೆ ಬಳಿದ ಎಪಾಕ್ಸಿ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ.

ವಿದ್ಯುತ್ತಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮನೆಯ ವರ್ಕ್‌ಶಾಪುಗಳಲ್ಲಿ ಅತಿ ಹೆಚ್ಚು ರಾಜಿ ನಡೆಯುವುದು ಇಲ್ಲಿಯೇ. ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟ್. ಎರಡು ಹಾರ್ಸ್‌ಪವರ್ ಮೋಟಾರು 230 ವೋಲ್ಟಿನಲ್ಲಿ ಪೂರ್ಣ ಹೊರೆ ಹೊತ್ತು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ. ಆದರೆ ನಿಂತಿರುವ ಇಂಡಕ್ಷನ್ ಮೋಟಾರು ಚಾಲನೆಗೆ ಬರುವ ಕ್ಷಣದಲ್ಲಿ ಅದರ ಐದಾರು ಪಟ್ಟು, ಎಂದರೆ 50ರಿಂದ 60 ಆಂಪಿಯರ್ ಎಳೆಯುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಪೂರೈಕೆ ಕಡಿಯುವ ಸ್ವಿಚ್ಚಾದ ಎಂಸಿಬಿಯ ಮೇಲೆ 16 ಎಂಬ ಅಂಕಿಯ ಮುಂದೆ ಬಿ ಅಥವಾ ಸಿ ಎಂಬ ಅಕ್ಷರ ಇರುವುದನ್ನು ನೀವು ನೋಡಿರಬಹುದು. ಬಿ ಎಂದಿದ್ದರೆ ಅಂಕಿಯ 3ರಿಂದ 5 ಪಟ್ಟು ಕರೆಂಟಿಗೆ ಅದು ತಕ್ಷಣ ಬೀಳುತ್ತದೆ, ಸಿ ಎಂದಿದ್ದರೆ 5ರಿಂದ 10 ಪಟ್ಟಿಗೆ ಬೀಳುತ್ತದೆ. ಹೊಸ ಯಂತ್ರ ತಂದು ಸ್ವಿಚ್ ಒತ್ತಿದೊಡನೆ ಎಂಸಿಬಿ ಬೀಳುತ್ತದೆ, ಯಂತ್ರವೇ ಕೆಟ್ಟಿದೆ ಎಂದು ದೂರುವ ಎಷ್ಟೋ ಮಂದಿಯ ಸಮಸ್ಯೆ ಆ ಒಂದು ಅಕ್ಷರದಲ್ಲಿ ಇರುತ್ತದೆ. ಹಾಗೆಂದು ಎಂಸಿಬಿಯನ್ನು ಮಾತ್ರ ದೊಡ್ಡದು ಮಾಡುವುದು ತಪ್ಪು. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿಯ ದಪ್ಪ ಅಷ್ಟೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಬಿಸಿಯಾಗುವ ತಂತಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರ ಕೈಗೆ ಒಪ್ಪಿಸಿ, ದೊಡ್ಡ ಯಂತ್ರಕ್ಕೊಂದು ಪ್ರತ್ಯೇಕ ಸರ್ಕ್ಯೂಟ್, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್, ಈ ಮೂರನ್ನು ಪಟ್ಟು ಹಿಡಿದು ಹಾಕಿಸಿಕೊಳ್ಳಿ.

ಎಕ್ಸ್‌ಟೆನ್ಷನ್ ರೀಲಿನ ಕುರಿತು ನನ್ನದೇ ಒಂದು ಪಾಠ ಹೇಳುತ್ತೇನೆ. ಒಮ್ಮೆ ಇಪ್ಪತ್ತೈದು ಮೀಟರಿನ ರೀಲಿನಿಂದ ಎರಡೇ ಮೀಟರ್ ಬಿಚ್ಚಿ, ಉಳಿದುದನ್ನು ಸುತ್ತಿದಂತೆಯೇ ಬಿಟ್ಟು, ಹಲಗೆಯ ಮೈ ಹೆರೆಯುವ ಪ್ಲೇನರ್ ಓಡಿಸಿದ್ದೆ. ಅರ್ಧ ಗಂಟೆಯ ಬಳಿಕ ರಬ್ಬರ್ ಸುಟ್ಟ ವಾಸನೆ ಬಂದು ನೋಡಿದರೆ, ಒಳಗಿನ ಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತಿಟ್ಟ ಕೇಬಲಿನ ಬಿಸಿ ಹೊರಹೋಗಲು ದಾರಿಯೇ ಇರುವುದಿಲ್ಲ. ಬಳಸಲೇಬೇಕಾದರೆ ರೀಲನ್ನು ಪೂರ್ತಿ ಬಿಚ್ಚಿ ಬಳಸಬೇಕು.

ದೀಪಗಳ ಸರ್ಕ್ಯೂಟ್ ಯಂತ್ರಗಳ ಸರ್ಕ್ಯೂಟಿನಿಂದ ಬೇರೆಯಾಗಿರಲಿ. ಯಂತ್ರ ಅಡಚಿಕೊಂಡು ಎಂಸಿಬಿ ಬಿದ್ದಾಗ ದೀಪವೂ ಆರಿದರೆ, ಇನ್ನೂ ತಿರುಗುತ್ತಿರುವ ಬ್ಲೇಡಿನ ಪಕ್ಕದಲ್ಲಿ ನೀವು ಕತ್ತಲಲ್ಲಿ ನಿಂತಿರುತ್ತೀರಿ. ಹಾಗೆಯೇ, ಕರೆಂಟು ಹೋಗಿ ಮರಳಿ ಬಂದಾಗ ಯಂತ್ರ ತಾನಾಗಿ ಓಡತೊಡಗದೆ, ಹಸಿರು ಗುಂಡಿಯನ್ನು ಮತ್ತೆ ಒತ್ತಿದರೆ ಮಾತ್ರ ಓಡುವಂಥ ಸ್ವಿಚ್ ಇರುವ ಯಂತ್ರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

[ಒಂದೇ ಬಲ್ಬಿನ ಕೆಳಗೆ ಗೆರೆ ಎಳೆಯುತ್ತಿರುವ ಕೈಯ ನೆರಳು ಗೆರೆಯ ಮೇಲೆಯೇ ಬಿದ್ದಿದೆ. ಎರಡನೆಯ ದೀಪ ಹೊತ್ತಿಕೊಂಡಾಗ ನೆರಳು ಕರಗುತ್ತದೆ.]

ಬೆಂಚಿನ ಕೆಲಸಕ್ಕೆ ಸುಮಾರು 500 ಲಕ್ಸ್, ಎಂದರೆ ಪ್ರತಿ ಚದರ ಮೀಟರಿಗೆ 500 ಲ್ಯೂಮೆನ್ ಬೆಳಕು ಬೇಕು. ನಮ್ಮ 18 ಚದರ ಮೀಟರ್ ಜಾಗಕ್ಕೆ ಅದು 9000 ಲ್ಯೂಮೆನ್ ಆಗುತ್ತದೆ; ಗೋಡೆ ಹೀರುವುದನ್ನೂ ದೀಪದ ಮೇಲೆ ಕೂರುವ ದೂಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 12,000ದಿಂದ 13,000 ಲ್ಯೂಮೆನ್ ಹಾಕಿಸುವುದು ಲೇಸು. ಇಷ್ಟೂ ಬೆಳಕು ನಡುವಿನ ಒಂದೇ ದೀಪದಿಂದ ಬಂದರೆ ಪ್ರಯೋಜನವಿಲ್ಲ, ಏಕೆಂದರೆ ಗೋಡೆಯ ಕಡೆಗೆ ತಿರುಗಿ ಬೆಂಚಿನ ಮುಂದೆ ನಿಂತಾಗ ದೀಪ ನಮ್ಮ ಬೆನ್ನ ಹಿಂದಿರುತ್ತದೆ. ನಾಲ್ಕು ಅಡಿಯ ಎಲ್‌ಇಡಿ ಟ್ಯೂಬುಗಳನ್ನು ಎರಡು ಸಾಲುಗಳಲ್ಲಿ ಹಂಚಿ, ಒಂದು ಸಾಲು ಬೆಂಚಿನ ಮುಂದಂಚಿಗೆ ನೇರವಾಗಿ ಮೇಲೆ ಬರುವಂತೆ ಹಾಕಿಸಿ. ದೀಪ ಕಳಪೆಯಾಗಿದ್ದರೆ ಇನ್ನೊಂದು ಅಪಾಯವಿದೆ: 50 ಹರ್ಟ್ಸ್ ಪೂರೈಕೆಯಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸೆಕೆಂಡಿಗೆ ಸುಮಾರು 50 ಸುತ್ತು ತಿರುಗುವ ಬ್ಲೇಡು ಆ ಮಿನುಗಿನಲ್ಲಿ ನಿಂತಂತೆಯೋ ನಿಧಾನವಾಗಿ ತೆವಳಿದಂತೆಯೋ ಕಾಣಬಹುದು. ಗೋಡೆಗೂ ಚಾವಣಿಗೂ ಬಿಳಿ ಬಣ್ಣ ಬಳಿಸುವುದು ಇಡೀ ಯೋಜನೆಯಲ್ಲೇ ಅತಿ ಕಡಿಮೆ ಖರ್ಚಿನ ಸುಧಾರಣೆ.

ಇನ್ನು ದೂಳು. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ, ಪೊರಕೆಗೆ ಸಿಗುತ್ತದೆ. ಕಾಣದಷ್ಟು ಸಣ್ಣ ಕಣಗಳು ಯಂತ್ರ ನಿಂತ ಮೇಲೂ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿದ್ದು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾಗಿರುವ ವಸ್ತುಗಳ ಗುಂಪಿಗೆ ಮರದ ದೂಳನ್ನೂ 1995ರಲ್ಲಿ ಸೇರಿಸಿತು. ಆದ್ದರಿಂದ ಮಾಸ್ಕ್ ಧರಿಸಿ ದೂಳೆಬ್ಬಿಸುವುದಕ್ಕಿಂತ, ದೂಳನ್ನು ಹುಟ್ಟುವ ಜಾಗದಲ್ಲೇ ಎಳೆದುಕೊಳ್ಳುವುದು ಮೊದಲ ಕೆಲಸ. ಮರ ಉಜ್ಜುವ ಸ್ಯಾಂಡರ್, ಅಂಚು ಕೆತ್ತುವ ರೂಟರ್‌ಗಳಂಥ ಕೈಯಂತ್ರಗಳಿಗೆ ವರ್ಕ್‌ಶಾಪ್ ವ್ಯಾಕ್ಯೂಮ್ ಸಾಕು. ಪ್ಲೇನರ್, ಟೇಬಲ್ ಸಾ ಇವುಗಳಿಗೆ 100 ಮಿ.ಮೀ. ಪೈಪಿನ ಡಸ್ಟ್ ಕಲೆಕ್ಟರ್ ಬೇಕು, ಆ ಪೈಪನ್ನು ದಾರಿಯಲ್ಲಿ ಎಲ್ಲಿಯೂ ಕಿರಿದು ಮಾಡಬಾರದು. ವ್ಯಾಸ ಅರ್ಧವಾದರೆ ಗಾಳಿಯ ದಾರಿ ಕಾಲುಭಾಗಕ್ಕೆ ಇಳಿಯುತ್ತದೆ, ಚಕ್ಕೆಗಳು ಪೈಪಿನಲ್ಲೇ ಕೂತುಬಿಡುತ್ತವೆ. ಎನ್95 ದರ್ಜೆಯ ಮಾಸ್ಕ್ ಇವೆಲ್ಲದರ ನಂತರವೂ ಬೇಕು. ಕಿವಿಗೂ ರಕ್ಷಣೆ ಬೇಕು: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದೆಂದು ಮಿತಿ ಹಾಕಿದರೆ, ಅದೇ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಸಿಗುವುದು 15 ನಿಮಿಷ.

ಮರದ ಹೊಟ್ಟು ಇರುವಲ್ಲಿ ಕಬ್ಬಿಣ ಸಾಣೆ ಹಿಡಿಯಬೇಡಿ. ಗ್ರೈಂಡರಿನ ಒಂದು ಕಿಡಿ ಹೊಟ್ಟಿನ ರಾಶಿಯೊಳಗೆ ಸೇರಿ, ಗಂಟೆಗಟ್ಟಲೆ ಒಳಗೊಳಗೇ ಕನಲುತ್ತಿದ್ದು, ನೀವು ಬಾಗಿಲು ಹಾಕಿ ಹೋದ ಮೇಲೆ ಹೊತ್ತಿಕೊಳ್ಳಬಲ್ಲದು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಂತೂ ಕಿಡಿಯೂ ಬೇಡ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಬಿಸಿ ಹುಟ್ಟಿಸುತ್ತದೆ, ಮುದ್ದೆ ಮಾಡಿ ಎಸೆದ ಬಟ್ಟೆಯೊಳಗೆ ಆ ಬಿಸಿ ಏರುತ್ತಲೇ ಹೋಗಿ ತಾನಾಗಿ ಬೆಂಕಿ ಹಿಡಿಯುತ್ತದೆ. ಅದನ್ನು ಹೊರಗೆ ಹರವಿ ಒಣಗಿಸಿ. ಅಗ್ನಿಶಾಮಕ ಸಿಲಿಂಡರ್ ಬಾಗಿಲ ಪಕ್ಕದಲ್ಲೇ ಇರಲಿ.

[ವರ್ಕ್‌ಬೆಂಚಿನ ಅಂಚಿನಲ್ಲಿ ಕೂರಿಸಿದ ವೈಸ್ ಹತ್ತಿರದಿಂದ ಕಾಣುತ್ತದೆ. ಅದರ ಹಿಂದೆ ಉಪಯೋಗವಿಲ್ಲದ ನಾಲ್ಕು ತೂತುಗಳಿವೆ.]

ಈಗ ಬೆಂಚಿಗೆ ಬರೋಣ. ನೇರವಾಗಿ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೆಯೋ ಅದು ಉಜ್ಜುಗೊರಡು ಹಿಡಿಯುವ ಮರಗೆಲಸದ ಬೆಂಚಿಗೆ ತಕ್ಕ ಎತ್ತರ. ಹೆಚ್ಚಿನವರಿಗೆ ಅದು 80ರಿಂದ 90 ಸೆಂಟಿಮೀಟರಿನೊಳಗೆ ಬರುತ್ತದೆ. ಬೆಂಚಿಗೆ ಭಾರವೇ ಭೂಷಣ. ನಾಲ್ಕು 18 ಮಿ.ಮೀ. ಪ್ಲೈವುಡ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದರೆ 72 ಮಿ.ಮೀ. ದಪ್ಪದ, ಸುತ್ತಿಗೆ ಬಿದ್ದರೂ ಅದುರದ ಮೇಲ್ಮೈ ಸಿಗುತ್ತದೆ. ಅದೇ ಬೆಂಚು ಟೇಬಲ್ ಸಾದ ಹಿಂದೆ ಹಲಗೆಗೆ ಆಸರೆಯೂ ಆಗಬೇಕೆಂದಿದ್ದರೆ, ಸಾದ ಮಟ್ಟಕ್ಕಿಂತ ಮೂರ್ನಾಲ್ಕು ಮಿ.ಮೀ. ತಗ್ಗಿರಲಿ. ಲೋಹ ಹಿಡಿಯುವ ವೈಸಿನ ದವಡೆಯ ಮೇಲಂಚು ಮೊಣಕೈ ಮಟ್ಟಕ್ಕೆ ಬಂದರೆ ಅರ ಆಡಿಸುವಾಗ ಹೆಗಲು ನೋಯುವುದಿಲ್ಲ. ವೈಸನ್ನು ಬೆಂಚಿನ ಕಾಲಿನ ಮೇಲೆಯೇ ಕೂರಿಸಬೇಕು, ಅದರ ಸ್ಥಿರ ದವಡೆ ಬೆಂಚಿನ ಅಂಚಿಗಿಂತ ಕೂದಲೆಳೆಯಷ್ಟಾದರೂ ಹೊರಗೆ ಚಾಚಿರಬೇಕು. ನಾನು ಮೊದಲ ಸಲ ಅಂದವಾಗಿ ಕಾಣಲೆಂದು ಅದನ್ನು ಒಳಕ್ಕೆ ಕೂರಿಸಿದ್ದೆ. ಉದ್ದನೆಯ ಪೈಪನ್ನು ನೆಟ್ಟಗೆ ಹಿಡಿಸಲು ಹೋದಾಗ ಅದು ಬೆಂಚಿನ ಅಂಚಿಗೆ ತಗಲಿ ಒಳಗಿಳಿಯಲೇ ಇಲ್ಲ. ಆ ನಾಲ್ಕು ತೂತುಗಳು ಇಂದಿಗೂ ಹಾಗೆಯೇ ಇವೆ.

ಸಲಕರಣೆ ಜೋಡಿಸಿಡುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನವೂ ಬೇಕಾದ ಉಳಿ, ಗರಗಸ, ಸ್ಪ್ಯಾನರುಗಳು ಬೆಂಚಿನಿಂದ ಕೈಗೆಟುಕುವ ಗೋಡೆಯ ಮೇಲಿರಲಿ, ಅಪರೂಪದವು ಕಪಾಟಿಗೆ ಹೋಗಲಿ. ತೇವದ ಗ್ಯಾರೇಜಿನಲ್ಲಿ ಎರಕದ ಕಬ್ಬಿಣದ ಮೇಲ್ಮೈಗಳಿಗೆ ಆಗಾಗ ಮೇಣ ಉಜ್ಜಿದರೆ ತುಕ್ಕು ದೂರವಿರುತ್ತದೆ, ಮರವೂ ನುಣ್ಣಗೆ ಜಾರುತ್ತದೆ.

[ನೇರ ಅಂಚಿನ ಹಲಗೆಗೆ ಮೂಲೆಮಟ್ಟವನ್ನು ಒತ್ತಿ ಹಿಡಿದು ಒಂದು ಗೆರೆ ಎಳೆಯಲಾಗುತ್ತದೆ.]

ಇಷ್ಟೆಲ್ಲ ಆದ ಮೇಲೆ ಕೊಳ್ಳುವ ಮೊದಲ ವಸ್ತುವೂ ಯಂತ್ರವಲ್ಲ, 90 ಡಿಗ್ರಿ ಮೂಲೆ ಅಳೆಯುವ ಮೂಲೆಮಟ್ಟ. ಟೇಬಲ್ ಸಾದ ಬ್ಲೇಡು ನೆಟ್ಟಗಿದೆಯೇ, ಡ್ರಿಲ್ ಪ್ರೆಸ್ಸಿನ ಮೇಜು ಸರಿಯಾಗಿದೆಯೇ ಎಂದು ಹೇಳುವುದು ಅದೇ ಆದ್ದರಿಂದ, ಅದು ಸುಳ್ಳು ಹೇಳಿದರೆ ಇಡೀ ವರ್ಕ್‌ಶಾಪ್ ಸುಳ್ಳು ಹೇಳುತ್ತದೆ. ಪರೀಕ್ಷೆ ಸುಲಭ. ನೇರ ಅಂಚಿರುವ ಹಲಗೆಗೆ ಮೂಲೆಮಟ್ಟವನ್ನು ಒತ್ತಿ ಹಿಡಿದು ಚೂಪಾದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಳಿಕ ಅದನ್ನು ಮಗುಚಿ, ಹಿಡಿ ಇನ್ನೊಂದು ಬದಿಗೆ ಬರುವಂತೆ ಅದೇ ಅಂಚಿಗೆ ಒತ್ತಿ, ಮೊದಲ ಗೆರೆಯ ಬುಡದಿಂದಲೇ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾಗಿ ಕಂಡರೆ ಮೂಲೆ ಸರಿಯಾಗಿದೆ. ಮೇಲೆ ಹೋಗುತ್ತಾ ಅಗಲವಾದರೆ, ತುದಿಯಲ್ಲಿ ಕಾಣುವ ಅಂತರದ ಅರ್ಧದಷ್ಟು ಅದರ ದೋಷ. ಅಂಗಡಿಗೆ ಹೋಗುವಾಗ ಒಂದು ಅಂಗೈ ಅಗಲದ, ಅಂಚು ನೇರಮಾಡಿದ ಹಲಗೆಯ ತುಂಡನ್ನೂ ಪೆನ್ಸಿಲನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿರುವ ನಾಲ್ಕೈದು ಮೂಲೆಮಟ್ಟಗಳಲ್ಲಿ ಈ ಎರಡು ಗೆರೆಗಳನ್ನು ಎಳೆದು ನೋಡಿದ ಮೇಲೆಯೇ ಒಂದನ್ನು ಆರಿಸಿಕೊಳ್ಳಿ.