ಮನೆ ಲೆಕ್ಕದ ರಿಪೋರ್ಟ್ ಸರಿಯಾಗಿ ಬರಬೇಕಾ? ಮೊದಲು ಇಲ್ಲಿ ನೋಡಿ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋದು ಗ್ನೂಕ್ಯಾಶ್. ಉಚಿತವಾಗಿ ಸಿಗೋ ಲೆಕ್ಕದ ಸಾಫ್ಟ್‌ವೇರ್ ಇದು. ರಿಪೋರ್ಟ್ಸ್ ಮೆನು ತೆಗೆದ್ರೆ ಉದ್ದದ ಪಟ್ಟಿನೇ ಇದೆ. ಆದ್ರೆ ಮನೆ ಲೆಕ್ಕಕ್ಕೆ ಮೂರು ಸಾಕು. ಎಷ್ಟು ಬಂತು, ಎಷ್ಟು ಹೋಯ್ತು ಅಂತ ತಿಳಿಯೋಕೆ ಇನ್‌ಕಮ್ ಸ್ಟೇಟ್‌ಮೆಂಟ್. ಇವತ್ತಿಗೆ ಆಸ್ತಿ ಎಷ್ಟು, ಸಾಲ ಎಷ್ಟು ಅನ್ನೋದಕ್ಕೆ ಬ್ಯಾಲೆನ್ಸ್ ಶೀಟ್. ಖರ್ಚು ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿದಿದೆ ಅಂತ ನೋಡೋಕೆ ಎಕ್ಸ್‌ಪೆನ್ಸ್ ಚಾರ್ಟ್ (ಹಳೇ ಆವೃತ್ತಿಗಳಲ್ಲಿ ಇದರ ಹೆಸರು ಎಕ್ಸ್‌ಪೆನ್ಸ್ ಬಾರ್‌ಚಾರ್ಟ್).

ರಿಪೋರ್ಟ್‌ಗೆ ಕೈ ಹಾಕೋ ಮುಂಚೆ ಖಾತೆಗಳ ಪಟ್ಟಿ ನೋಡಿ. ಇಲ್ಲಿ ಬ್ಯಾಂಕ್ ಮಾತ್ರ ಅಲ್ಲ, ದಿನಸಿಯಂಥ ಖರ್ಚಿನ ಬಾಬತ್ತೂ ಒಂದು ಖಾತೆನೇ. ಅಲ್ಲಿ ‘ಇಂಬ್ಯಾಲೆನ್ಸ್’ ಅಂತ ಒಂದು ಖಾತೆ ತಾನಾಗಿ ಹುಟ್ಕೊಂಡಿದ್ರೆ, ಯಾವುದೋ ನಮೂದಲ್ಲಿ ದುಡ್ಡು ಎಲ್ಲಿಂದ ಬಂತು ಅಥವಾ ಎಲ್ಲಿಗೆ ಹೋಯ್ತು ಅಂತ ಸರಿಯಾಗಿ ಬರೆದಿಲ್ಲ ಅಂತ ಅರ್ಥ. ಬಾಕಿ ಸೊನ್ನೆ ಇದ್ರೂ ತೆರೆದು ನೋಡಿ, ಒಳಗೆ ಕೂಡೋದು ಕಳೆಯೋದು ಎರಡೂ ಹೊಡ್ಕೊಂಡಿರಬಹುದು.

ಲೆಕ್ಕ ಹೆಚ್ಚಾಗಿ ಕೆಡೋದು ಕ್ರೆಡಿಟ್ ಕಾರ್ಡ್ ಹತ್ರ. 5ನೇ ತಾರೀಕು ಕಾರ್ಡ್‌ನಲ್ಲಿ 2,400ರ ದಿನಸಿ ತಗೊಂಡ್ರಿ ಅಂದ್ಕೊಳ್ಳಿ. ಖರ್ಚು ಆಗಿದ್ದು ಅವತ್ತೇ. ಮುಂದಿನ ತಿಂಗಳು ಬ್ಯಾಂಕಿಂದ ಆ 2,400 ಕಟ್ಟಿದಾಗ ಅದನ್ನೂ ಖರ್ಚು ಅಂತ ಬರೆದ್ರೆ, ರಿಪೋರ್ಟ್‌ನಲ್ಲಿ 4,800 ಕಾಣುತ್ತೆ. ಕಾರ್ಡನ್ನ ಸಾಲದ ಖಾತೆಯಾಗಿ ಇಟ್ಕೊಳ್ಳಿ. ಬಿಲ್ ಕಟ್ಟೋದು ಬ್ಯಾಂಕಿಂದ ಕಾರ್ಡ್‌ಗೆ ವರ್ಗಾವಣೆ, ಅಷ್ಟೇ. ಸಾಲದ ಕಂತೂ ಹೀಗೇನೇ. 10,000ದ ಕಂತಿನಲ್ಲಿ 6,300 ಅಸಲು, 3,700 ಬಡ್ಡಿ ಇದ್ರೆ, ಸ್ಪ್ಲಿಟ್ ಒತ್ತಿ ಆ ನಮೂದನ್ನ ಎರಡು ಸಾಲುಗಳಾಗಿ ಒಡೀರಿ. ಖರ್ಚು ಬಡ್ಡಿ ಮಾತ್ರ. ಅಸಲು ಸಾಲ ಇಳಿಸುತ್ತೆ. ಈ ಎರಡು ತಿದ್ದದೇ ಎಷ್ಟು ಚಂದದ ಚಾರ್ಟ್ ಬರೆಸಿದ್ರೂ ಉಪಯೋಗ ಇಲ್ಲ.

ಈಗ ಇನ್‌ಕಮ್ ಸ್ಟೇಟ್‌ಮೆಂಟ್ ತೆಗೆದು ಆಪ್ಷನ್ಸ್ ಒತ್ತಿ. ದಿನಾಂಕ ಟೈಪ್ ಮಾಡಬೇಡಿ. ಪಕ್ಕದ ಪಟ್ಟಿಯಿಂದ ‘ಹಿಂದಿನ ತಿಂಗಳ ಆರಂಭ’, ‘ಹಿಂದಿನ ತಿಂಗಳ ಕೊನೆ’ ಅನ್ನೋದನ್ನ ಆರಿಸಿ. ಆಗ ಪ್ರತಿ ತಿಂಗಳೂ ಅದೇ ರಿಪೋರ್ಟ್ ತಾನೇ ಹೊಸ ಅವಧಿಗೆ ಜರುಗುತ್ತೆ. ಖಾತೆಗಳ ಆಳ, ಅಂದ್ರೆ ಖಾತೆಯೊಳಗಿನ ಉಪಖಾತೆಗಳನ್ನ ಎಷ್ಟು ಹಂತದವರೆಗೆ ತೋರಿಸಬೇಕು ಅನ್ನೋದನ್ನ, ಎರಡು ಹಂತಕ್ಕೆ ಇಡಿ. ಒಂದೇ ಹಂತ ಇಟ್ರೆ ಎಲ್ಲಾ ಸೇರಿ ‘ಖರ್ಚು’ ಅಂತ ಒಂದೇ ಸಾಲು ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಹೊಂದಿಸಿದ ಮೇಲೆ ಸೇವ್ ರಿಪೋರ್ಟ್ ಕಾನ್ಫಿಗರೇಶನ್ ಒತ್ತಿ ಹೆಸರು ಕೊಡಿ. ಇಲ್ಲದಿದ್ರೆ ಮುಂದಿನ ತಿಂಗಳು ಇದೇ ಕೆಲಸ ಮತ್ತೆ.

ಎಕ್ಸ್‌ಪೆನ್ಸ್ ಚಾರ್ಟ್‌ಗೆ ಮಾತ್ರ 12 ತಿಂಗಳ ಅವಧಿ ಕೊಡಿ. ವರ್ಷಕ್ಕೊಮ್ಮೆ ಕಟ್ಟೋ ವಿಮೆ ಒಂದು ತಿಂಗಳನ್ನ ಗೋಪುರದ ಹಾಗೆ ಎತ್ತಿಬಿಡುತ್ತೆ. ಆ ಮೊತ್ತವನ್ನ 12ರಿಂದ ಭಾಗಿಸಿದ್ರೆ ತಿಂಗಳಿಗೆ ತೆಗೆದಿಡಬೇಕಾದ ಹಣ ಸಿಗುತ್ತೆ. ಚಾರ್ಟ್‌ನಲ್ಲಿ ‘ಇತರೆ’ ಅನ್ನೋ ಪಟ್ಟಿ ದಪ್ಪಗೆ ಕಂಡ್ರೆ ಡಿಸ್‌ಪ್ಲೇ ಟ್ಯಾಬ್‌ಗೆ ಹೋಗಿ ಗರಿಷ್ಠ ಬಾರ್‌ಗಳ ಸಂಖ್ಯೆ ಏರಿಸಿ, ಒಳಗೆ ಅಡಗಿರೋ ಖಾತೆಗಳು ಹೊರಗೆ ಬರ್ತವೆ. ಯಾವುದಾದ್ರೂ ಅಂಕಿ ಮೇಲೆ ಅನುಮಾನ ಬಂದ್ರೆ, ಇನ್‌ಕಮ್ ಸ್ಟೇಟ್‌ಮೆಂಟ್‌ನಲ್ಲಿ ಆ ಖಾತೆಯ ಹೆಸರಿನ ಮೇಲೆ ಕ್ಲಿಕ್ ಮಾಡಿ. ಅದರ ರಿಜಿಸ್ಟರ್, ಅಂದ್ರೆ ಆ ಖಾತೆಯ ನಮೂದುಗಳ ಪಟ್ಟಿ, ತೆರೆಯುತ್ತೆ, ತಪ್ಪಿದ್ದ ನಮೂದನ್ನ ಅಲ್ಲೇ ತಿದ್ದಿ ರಿಪೋರ್ಟ್ ರೀಲೋಡ್ ಮಾಡಿ.