ಮೈಯೊಳಗೆ ಹೋಗೋ ಬಂಗಾರ ಹೇಗೆ ತಯಾರಾಗಬೇಕು?

ಒಂದು ಗಾಜಿನ ಲೋಟ. ತಳದಲ್ಲಿ ಬಂಗಾರದ ತಗಡು, ಅದರ ಮೇಲೆ ಶುದ್ಧ ನೀರು. ಮೇಲಿಂದ ಲೇಸರ್ ಬಡಿತ ಬೀಳ್ತಾ ಇರುತ್ತೆ. ಸ್ವಲ್ಪ ಹೊತ್ತಿಗೆ ನೀರು ಕೆಂಪಾಗುತ್ತೆ. ಬಣ್ಣ ಹಾಕಿಲ್ಲ, ರಾಸಾಯನಿಕ ಸುರಿದಿಲ್ಲ. ಆ ಕೆಂಪು ಬಂಗಾರದ ನ್ಯಾನೊಕಣಗಳದ್ದು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳದ್ದು! ಲೇಸರ್ ತಾಗಿದ ಕಡೆ ಲೋಹ ಪ್ಲಾಸ್ಮಾ (ವಿಪರೀತ ಕಾದ, ವಿದ್ಯುತ್ ಕಣಗಳ ಅನಿಲ) ಆಗಿ, ಸುತ್ತ ಗುಳ್ಳೆ ಉಬ್ಬಿ ಕುಸಿದು, ತಣ್ಣಗಾಗಿ ಕಣವಾಗುತ್ತೆ.

ಈ ಕಣ ಯಾಕೆ ಬೇಕು? ಕ್ಯಾನ್ಸರ್ ಗಡ್ಡೆಯನ್ನ ಒಳಗಿಂದ ಬಿಸಿ ಮಾಡೋಕೆ. ಕಣವನ್ನ ಗಡ್ಡೆಗೆ ತಲುಪಿಸಿ, ಹೊರಗಿಂದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬಿಟ್ಟರೆ, ಆ ಜಾಗ ಮಾತ್ರ ಕಾಯುತ್ತೆ. 2019ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಅಲ್ಲಿ ಬಳಸಿದ್ದು ಸಿಲಿಕಾ ಗುಂಡಿನ ಮೇಲೆ ಬಂಗಾರದ ಪದರ. ಅದು ರಾಸಾಯನಿಕ ವಿಧಾನದಲ್ಲಿ ಮಾಡಿದ್ದು.

ನನ್ನ ತಕರಾರು ಇಲ್ಲೇ ಶುರುವಾಗೋದು. ಒಳಗೂ ಹೊರಗೂ ಬರೀ ಬಂಗಾರವೇ ಇರೋ ದುಂಡನೆಯ ಕಣ ಹಸಿರು ಬೆಳಕನ್ನ ಹೀರುತ್ತೆ. ಆದರೆ ಮೈಯೊಳಗೆ ಒಂದಿಷ್ಟು ಆಳಕ್ಕೆ ಇಳಿಯೋದು ಅವಕೆಂಪು ಬೆಳಕು. ಅದಕ್ಕೇ ಬಂಗಾರವನ್ನ ಸಣ್ಣ ಕಡ್ಡಿಯ ಆಕಾರಕ್ಕೆ ತರ್ತಾರೆ, ಅದಕ್ಕೆ ಸಾಮಾನ್ಯವಾಗಿ ಬಳಸೋದು ಸಿಟ್ಯಾಬ್ ಅನ್ನೋ ಸೋಪಿನಂಥ ರಾಸಾಯನಿಕ. ಅದು ಜೀವಕೋಶಕ್ಕೆ ವಿಷ, ತೊಳೆದು ತೆಗೆಯೋದೂ ಕಷ್ಟ. ಸೋಪು ಉಳಿದ ಪಾತ್ರೇಲಿ ಯಾರಾದ್ರೂ ಮಗುವಿಗೆ ಹಾಲು ಕಾಯಿಸ್ತಾರಾ?

ಲೇಸರ್ ದಾರೀಲಿ ಆ ತೊಂದರೆಯಿಲ್ಲ, ಆದರೆ ಸಿಗೋದು ಹೆಚ್ಚಾಗಿ ದುಂಡು ಕಣಗಳೇ. ಅದಕ್ಕೇ ನನಗೆ ಇಂಗಾಲದ ಮೇಲೆ ಅಷ್ಟು ಆಸೆ. ಇಂಗಾಲದ್ದೇ ಒಂದು ರೂಪವಾದ ಗ್ರಾಫೈಟ್ ಅವಕೆಂಪನ್ನೂ ಚೆನ್ನಾಗಿ ಹೀರುತ್ತೆ. ಅದೇ ನೀರು, ಅದೇ ಲೇಸರ್‌ನಿಂದ ಲೋಹವನ್ನೂ ಇಂಗಾಲವನ್ನೂ ಜೊತೆ ಸೇರಿಸಬಹುದು. ಹೆಚ್ಚು ಸಂಶೋಧನೆ ನಡೀಬೇಕಾದ್ದು ಇಲ್ಲಿ.

"ಲೇಸರ್ ವಿಧಾನದಲ್ಲಿ ಸಿಗೋದು ಚಿಟಿಕೆಯಷ್ಟು" ಅಂತಾರೆ. 2016ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್-ಎಸೆನ್ ವಿಶ್ವವಿದ್ಯಾಲಯದವರು ಗಂಟೆಗೆ 4 ಗ್ರಾಂ ಪ್ಲಾಟಿನಂ ಕಣ ತೆಗೆದು ತೋರಿಸಿದ್ದಾರೆ. ಮತ್ತೆ ಈ ವಿದ್ಯೆ ನಮಗೇನೂ ಹೊರಗಿನದಲ್ಲ. ನೀರೊಳಗಿನ ಕಬ್ಬಿಣಕ್ಕೆ ಲೇಸರ್ ಹೊಡೆದ ಮೊದಮೊದಲ ಪ್ರಯೋಗಗಳಲ್ಲೊಂದು ಪುಣೆಯದ್ದು, 1987ರಲ್ಲೇ ಪ್ರಕಟವಾದದ್ದು.

ಹಾಗಂತ ಶುದ್ಧವಾಗಿ ತಯಾರಾದ ಮಾತ್ರಕ್ಕೆ ಕೆಲಸ ಮುಗೀಲಿಲ್ಲ. ರಕ್ತಕ್ಕೆ ಸೇರಿದ ಬಂಗಾರದಲ್ಲಿ ಬಹುಪಾಲು ಯಕೃತ್ತಲ್ಲಿ (ಲಿವರ್), ಗುಲ್ಮದಲ್ಲಿ (ಸ್ಪ್ಲೀನ್) ಕೂತುಬಿಡುತ್ತೆ. ಎಷ್ಟು ಡಿಗ್ರಿ ಬಿಸಿಯಾಯ್ತು ಅಂತ ಗ್ರಾಫ್ ತೋರಿಸೋ ಪ್ರತಿಯೊಬ್ಬರನ್ನೂ ನಾನು ಕೇಳೋದು ಇಷ್ಟೇ: ಆರು ತಿಂಗಳಾದ ಮೇಲೆ ಯಕೃತ್ತಲ್ಲಿ ಎಷ್ಟು ಉಳಿದಿತ್ತು, ಅಳೆದ್ರಾ?