ದೀಪ ಏನು ಹೇಳುತ್ತಿದೆ, ಮೊದಲು ಅದನ್ನು ಕೇಳೋಣ

ಕೇಳುಗರಿಗೆ ನಮಸ್ಕಾರ.

ನಾಳೆ ಬೆಳಿಗ್ಗೆ ಕಾರಿನಲ್ಲಿ ಕೂತಾಗ ಒಂದು ಸಣ್ಣ ಕೆಲಸ ಮಾಡಿ. ಕೀ ತಿರುಗಿಸಿ, ಆದರೆ ಎಂಜಿನ್ ಚಾಲೂ ಮಾಡಬೇಡಿ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತುತ್ತವೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್‌ನ ದೀಪ, ಏರ್‌ಬ್ಯಾಗ್ ದೀಪ ಕೆಲವೇ ಸೆಕೆಂಡಿನಲ್ಲಿ ತಾವಾಗಿಯೇ ಆರುತ್ತವೆ. ಎಂಜಿನ್ ಆಯಿಲ್, ಬ್ಯಾಟರಿ, ಚೆಕ್ ಎಂಜಿನ್, ಈ ಮೂರು ಎಂಜಿನ್ ಚಾಲೂ ಆಗುವವರೆಗೂ ಉರಿಯುತ್ತಿರಬೇಕು. ಇವುಗಳಲ್ಲಿ ಯಾವುದಾದರೂ ಒಂದು ಹತ್ತಲೇ ಇಲ್ಲ ಅಂದರೆ ಸಮಾಧಾನ ಪಡಬೇಡಿ. ಬಲ್ಬು ಹೋಗಿರಬಹುದು, ವೈರು ಕಿತ್ತಿರಬಹುದು. ಹಳೆಯ ಕಾರು ಕೊಳ್ಳುವವರಂತೂ ಇದನ್ನು ನೋಡಲೇಬೇಕು. ದೋಷ ಕಾಣಬಾರದು ಅಂತ ಬಲ್ಬನ್ನೇ ತೆಗೆದು ಮಾರುವವರೂ ಇದ್ದಾರೆ.

ನಾನು ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೀಟರು, ಗೇಜು ರಿಪೇರಿ ಮಾಡುತ್ತಾ ನಿವೃತ್ತನಾದವನು. ನಮ್ಮ ಕಾರಿಗೆ ಈಗ ಹದಿನಾಲ್ಕು ವರ್ಷ. ಪ್ರತಿ ದೀಪಾವಳಿಗೆ ಅದರಲ್ಲೇ ಪುಣೆಯಿಂದ ಧಾರವಾಡಕ್ಕೆ ಹೋಗುತ್ತೇವೆ. ನಾನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಕಾತ್ರಜ್ ದಾಟಿ, ಖಂಬಾಟಕಿ ಘಾಟ್ ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ. ಆ ದಾರಿಯಲ್ಲಿ ನಮ್ಮ ಕನ್ನಡದವರ ಹಳೆಯ ಕಾರುಗಳು ಎಷ್ಟೋ ಓಡುತ್ತವೆ. ಅವರಿಗಾಗಿಯೇ ಇವತ್ತು ಮಾತಾಡುತ್ತಿದ್ದೇನೆ.

ಕಾರ್ಖಾನೆಯಲ್ಲಿ ನಾನು ಕಲಿತದ್ದು ಒಂದೇ ಮಾತು. ಮೀಟರು ತೋರಿಸುವುದು ರೋಗವನ್ನಲ್ಲ, ಒಂದು ಅಳತೆಯನ್ನು. ಕಾರಿನ ದೀಪವೂ ಹಾಗೆಯೇ. ಬ್ಯಾಟರಿ ಚಿತ್ರ ಹತ್ತಿತು ಅಂತ ಬ್ಯಾಟರಿ ಬದಲಿಸುವುದು, ಸೆನ್ಸರ್ ಹೆಸರು ಬಂತು ಅಂತ ಸೆನ್ಸರ್ ಬದಲಿಸುವುದು, ಇದರಲ್ಲೇ ನಮ್ಮ ಹಣ ಹೋಗುತ್ತದೆ.

ಮೊದಲು ಬಣ್ಣ ನೋಡಿ. ಹಸಿರು, ನೀಲಿ ಬರೀ ಸುದ್ದಿ ಹೇಳುತ್ತವೆ. ಹಳದಿ ಮಿಣುಕದೆ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೆ ಹೋಗಿ ನೋಡಬಹುದು. ಕೆಂಪು ಅಂದರೆ ಗಾಡಿಯನ್ನು ಬದಿಗೆ ಹಾಕಿ ನೋಡಬೇಕು.

ಕೆಂಪಿನಲ್ಲೂ ಎಲ್ಲಕ್ಕಿಂತ ಅವಸರದ್ದು ಎಣ್ಣೆಡಬ್ಬಿಯ ಚಿತ್ರ. ಎಣ್ಣೆ ಕಡಿಮೆ ಆದಾಗ ಹತ್ತುವ ದೀಪ ಇದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಹೇಳುವುದು ಎಣ್ಣೆಯ ಒತ್ತಡವನ್ನು, ಎಣ್ಣೆಯ ಮಟ್ಟವನ್ನಲ್ಲ. ಒತ್ತಡ ಇಲ್ಲದಿದ್ದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ನ ಬೇರಿಂಗಿಗೆ ಎಣ್ಣೆ ಮುಟ್ಟುವುದಿಲ್ಲ. ಕೆಲವೇ ನಿಮಿಷದಲ್ಲಿ ಎಂಜಿನ್ ಹಾಳಾಗಬಹುದು. ಹಾಗಾಗಿ 'ಮುಂದಿನ ಪೆಟ್ರೋಲ್ ಪಂಪಿನವರೆಗೆ ಹೋಗೋಣ' ಅನ್ನಬೇಡಿ. ಎಂಜಿನ್ ಆರಿಸಿ. ಸಮ ನೆಲದಲ್ಲಿ ಐದು ಹತ್ತು ನಿಮಿಷ ಬಿಟ್ಟು, ಎಣ್ಣೆಯ ಮಟ್ಟ ತೋರಿಸುವ ಕಡ್ಡಿ ಅಂದರೆ ಡಿಪ್‌ಸ್ಟಿಕ್ ಎಳೆಯಿರಿ, ಬಟ್ಟೆಯಿಂದ ಒರೆಸಿ, ಮತ್ತೆ ತೂರಿಸಿ ನೋಡಿ. ಘಾಟಿನ ತಿರುವಿನಲ್ಲಿ ಮಾತ್ರ ದೀಪ ಮಿನುಗಿ ಆರುತ್ತಿದ್ದರೆ ಹೆಚ್ಚಾಗಿ ಎಣ್ಣೆಯೇ ಕಡಿಮೆ ಇರುತ್ತದೆ. ಗಾಡಿ ವಾಲಿದಾಗ ಎಣ್ಣೆ ಒಂದು ಬದಿಗೆ ಸರಿದು ಪಂಪಿಗೆ ಸಿಗುವುದಿಲ್ಲ. ಎಣ್ಣೆಯ ಮಟ್ಟ ಸರಿಯಾಗಿದ್ದೂ ದಾರಿಯಲ್ಲಿ ದೀಪ ಹತ್ತಿತ್ತೇ? ಎಂಜಿನ್ ಚಾಲೂ ಮಾಡಬೇಡಿ, ಟೋ ಮಾಡಿಸಿ. ಒತ್ತಡದ ಸ್ವಿಚ್ಚೇ ಕೆಟ್ಟಿರುವುದೂ ಉಂಟು, ಅದು ಅಗ್ಗದ ಸಾಮಾನು. ಆದರೆ ಅದನ್ನು ಊಹೆ ಮಾಡಬಾರದು. ಬೇರೆ ಗೇಜು ಹಾಕಿ ಅಳೆದ ಮೇಲೆಯೇ ಹೇಳಬೇಕು.

ಎಂಜಿನ್ ಬಿಸಿಯ ಕೆಂಪು ದೀಪಕ್ಕೂ ಇದೇ ಮಾತು. ನಿಲ್ಲಿಸಿ, ಆರಲು ಬಿಡಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಲೇಬೇಡಿ, ಮುಖ ಕೈ ಸುಡುತ್ತದೆ. ಎಲ್ಲ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ಅದು ಸರಿಯಿದ್ದರೆ ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನಿನ ಕನೆಕ್ಟರ್, ಈ ಮೂರನ್ನು ಮೊದಲು ನೋಡಿ.

ಬ್ರೇಕಿನ ಕೆಂಪು ದೀಪ ಹತ್ತಿದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದರೆ ಬ್ರೇಕ್ ಆಯಿಲ್ ಕಡಿಮೆ ಆಗಿರಬಹುದು. ಇಲ್ಲಿ ಬರೀ ಟಾಪ್ ಅಪ್ ಮಾಡಿ ಮರೆಯಬೇಡಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯ ಆಯಿಲ್ ಇಳಿಯುತ್ತದೆ. ಅಂದರೆ ಆ ದೀಪ ಪ್ಯಾಡ್ ಮುಗಿಯುತ್ತಾ ಬಂತು ಅಂತ ಹೇಳುತ್ತಿರಬಹುದು. ಪ್ಯಾಡ್ ಸರಿಯಿದ್ದೂ ಆಯಿಲ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಪೆಡಲ್ ಮೆತ್ತಗಾಗಿದ್ದರೆ ಗಾಡಿ ಓಡಿಸುವ ಮಾತೇ ಇಲ್ಲ.

ಈಗ ಬ್ಯಾಟರಿ ದೀಪಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನೇ ಪೆಟ್ಟು ತಿಂದಿದ್ದೇನೆ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊತ್ತು. ರಾತ್ರಿ ಹೆಡ್‌ಲೈಟು, ಎಸಿ ಎರಡೂ ಹಾಕಿದಾಗ ಬ್ಯಾಟರಿ ದೀಪ ಮಂದವಾಗಿ ಉರಿಯುತ್ತಿತ್ತು. ಹಗಲಲ್ಲಿ ಏನೂ ಇಲ್ಲ. ಆಗ ಮನೆಯಲ್ಲಿ ಮದುವೆಯ ಓಡಾಟ, ನನಗೆ ಪುರಸೊತ್ತಿರಲಿಲ್ಲ. ಗ್ಯಾರೇಜಿಗೆ ಬಿಟ್ಟೆ. ಬ್ಯಾಟರಿ ಬದಲಿಸಿದರು. ದೀಪ ಹೋಗಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಿದರು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಬಂತು. ಯಾರೂ ಒಂದು ಸಲವೂ ಮೀಟರು ಹಿಡಿಯಲಿಲ್ಲ. ಅದೇ ನನಗೆ ಇವತ್ತಿಗೂ ನೋವು. ಅಳತೆಯನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನು, ನಾನೂ ಹಿಡಿಯಲಿಲ್ಲ.

ಒಂದು ಭಾನುವಾರ ಬಾನೆಟ್ ಎತ್ತಿದೆ. ಮಲ್ಟಿಮೀಟರ್‌ನ್ನು ಡಿಸಿ ವೋಲ್ಟಿಗೆ ಇಟ್ಟೆ. ಎಂಜಿನ್ ಆರಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಪೂರ್ತಿ ಚಾರ್ಜ್. ಎಂಜಿನ್ ಚಾಲೂ ಮಾಡಿ ಹೆಡ್‌ಲೈಟ್ ಹಾಕಿದೆ. ಬ್ಯಾಟರಿಯ ಮೇಲೆ 13.1. ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇರಬೇಕು. ಹಾಗಾದರೆ ಆಲ್ಟರ್ನೇಟರ್ ಕಡಿಮೆ ಕೊಡುತ್ತಿದೆಯೇ? ಕೆಂಪು ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು, ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟಿಗೆ ಹಿಡಿದೆ. ಅಲ್ಲಿ 14.3. ಆಲ್ಟರ್ನೇಟರ್ ಸರಿಯಾಗಿಯೇ ದುಡಿಯುತ್ತಿದೆ. ನಡುದಾರಿಯಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಕಾಣೆಯಾಗಿದೆ.

ಆ ವೈರಿನ ತುದಿಯ ನಟ್ಟು ಸಡಿಲವಾಗಿತ್ತು. ಅಡಿಯಲ್ಲಿ ಹಸಿರು ಪುಡಿ ಹಿಡಿದಿತ್ತು, ಮಳೆಗಾಲದ ಕೆಲಸ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಬದಿಗಿಟ್ಟೆ. ಇದನ್ನು ನೀವು ಮರೆಯಬಾರದು, ಯಾಕೆಂದರೆ ಆ ಬೋಲ್ಟಿನಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರುತ್ತದೆ. ಪಾನಾ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ತುದಿಯನ್ನು ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆ. ಬ್ಯಾಟರಿಯಲ್ಲಿ 14.2 ಬಂತು. ದೀಪ ಮತ್ತೆ ಹತ್ತಿಲ್ಲ. ಖರ್ಚಾಗಿದ್ದು ಮರಳು ಕಾಗದದ ದುಡ್ಡು.

ನೀವೂ ಮಾಡಿ. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ. 0.3 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಕೊಳೆ ಇದೆ ಅಂತಲೇ ತಿಳಿಯಿರಿ. ಸೀರೆಯ ಸೆರಗು, ಓಢಣಿ, ತೋಳು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಮೀಟರು ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಕೇಳಿದರೆ ಸಿಗುತ್ತದೆ. ತುಂಬಾ ಬೆಲೆಯದ್ದು ಬೇಡ.

ಇನ್ನೊಂದು ಮಾತು ಇದಕ್ಕೇ ಸೇರಿದ್ದು. ಎಬಿಎಸ್, ಸ್ಟೀರಿಂಗ್, ಚೆಕ್ ಎಂಜಿನ್ ಎಲ್ಲ ಒಟ್ಟಿಗೆ ಹತ್ತಿದರೆ ಹೆದರಬೇಡಿ. ಮೂರು ಭಾಗ ಒಂದೇ ದಿನ ಕೆಡುವುದು ಅಪರೂಪ. ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ.

ಇನ್ನು ಹಳದಿ ಚೆಕ್ ಎಂಜಿನ್ ದೀಪ. ಇದರ ಹಿಂದೆ ಕಂಪ್ಯೂಟರ್ ಬರೆದಿಟ್ಟ ಕೋಡ್ ಇರುತ್ತದೆ. ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ, ಅಂದರೆ ಗಾಡಿಯ ಕಂಪ್ಯೂಟರೇ ದೋಷ ಗುರುತಿಸಿ ಬರೆದಿಡುವ ನಿಯಮ 2010ರ ಏಪ್ರಿಲ್‌ನಲ್ಲಿ ಶುರುವಾಯಿತು, ಅದರ ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇದ್ದರೆ, ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರಿನಿಂದಲೇ ಕೋಡ್ ಓದಬಹುದು. ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ತೀರಾ ಹಳೆಯ ಗಾಡಿಗಳಿಗೆ ಇದು ಹೊಂದದೆಯೂ ಇರಬಹುದು. ಓದಿದ ಕೂಡಲೇ ಅಳಿಸಬೇಡಿ. ಕೋಡನ್ನು, ಅದರ ಜೊತೆ ಕಂಪ್ಯೂಟರ್ ಹಿಡಿದಿಟ್ಟ ಸ್ಪೀಡು, ಬಿಸಿ, ಆರ್‌ಪಿಎಂ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಿ. ಅಳಿಸಿದರೆ ಆ ಸಾಕ್ಷಿಯೂ ಹೋಗುತ್ತದೆ. ಬ್ಯಾಟರಿ ಬಿಚ್ಚಿದರೂ ಹಲವು ಗಾಡಿಗಳಲ್ಲಿ ಅಳಿಸಿಹೋಗುತ್ತದೆ.

ಪಿ 0171 ಅಂತ ಬಂತು ಅನ್ನಿ. ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಜಾಸ್ತಿ ಅಂತ ಅದರ ಅರ್ಥ. ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುವವರಿದ್ದಾರೆ. ಸೆನ್ಸರ್ ಕಂಡದ್ದನ್ನು ಹೇಳಿದೆ, ಅಷ್ಟೇ ಅಲ್ವಾ? ಮೊದಲು ಗಾಳಿ ಎಲ್ಲಿಂದ ನುಗ್ಗುತ್ತಿದೆ ನೋಡಿ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಮಡಿಕೆಯ ಒಳಗೆ ಸೀಳು ಇರಬಹುದು. ಸಣ್ಣ ವ್ಯಾಕ್ಯೂಮ್ ಪೈಪುಗಳು ಹತ್ತು ವರ್ಷದಲ್ಲಿ ಒಣಗಿ ಬಿರಿಯುತ್ತವೆ. ಕಿವಿಗೆ ಒಂದು ರಬ್ಬರ್ ನಳಿಗೆ ಹಿಡಿದು ಇನ್ನೊಂದು ತುದಿಯನ್ನು ಪೈಪುಗಳ ಮೇಲೆ ಆಡಿಸಿದರೆ ಸೊಯ್ ಅನ್ನುವ ಸದ್ದು ಸಿಗುತ್ತದೆ. ಇಲಿಯ ಕಾಟವನ್ನೂ ನೋಡಿ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ವೈರು ಕಡಿಸಿಕೊಳ್ಳದ ಗಾಡಿ ಕಡಿಮೆ.

ಸಿಎನ್‌ಜಿ ಇರುವವರು ಒಂದು ದಿನ ಬರೀ ಪೆಟ್ರೋಲಿನಲ್ಲಿ ಓಡಿಸಿ ನೋಡಿ. ಸಿಎನ್‌ಜಿಯಲ್ಲಿ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು. ಸವೆದ ಪ್ಲಗ್ಗು, ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಸೋತ ಕಾಯಿಲ್ ಅಲ್ಲೇ ಮೊದಲು ಕೈಕೊಡುತ್ತವೆ.

ಏರ್‌ಬ್ಯಾಗ್ ದೀಪಕ್ಕೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಸೀಟಿನ ಕೆಳಗಿನ ಹಳದಿ ಕನೆಕ್ಟರನ್ನು ಎಳೆದು ನೋಡಬೇಡಿ, ಮೀಟರನ್ನೂ ಹಿಡಿಯಬೇಡಿ. ಏರ್‌ಬ್ಯಾಗಿನ ಒಳಗೆ ಸಿಡಿಯುವ ಮದ್ದು ಇದೆ. ಬಲ್ಲವರ ಹತ್ತಿರ ಹೋಗಿ.

ಹೋದ ಚಳಿಗಾಲದ ಮಾತು. ಪಕ್ಕದ ವಿಂಗಿನಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಾಳೆ, ಬ್ಯಾಂಕಿನಲ್ಲಿ ಕೆಲಸ. ಅಪ್ಪನ ಹಳೆಯ ಕಾರು ಓಡಿಸುತ್ತಾಳೆ. ಬೆಳಿಗ್ಗೆ ಓಡಿ ಬಂದಳು. "ಕಾಕಾ, ಹಳದಿ ದೀಪ ಬಡ್ಕೋಳಾಕ ಹತ್ತೇತ್ರಿ, ಗಾಡಿ ಜಗ್ಗವಲ್ದು." ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಎಂಜಿನ್ ಜೋರಾಗಿ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಸುಡುತ್ತದೆ. ಅದು ದುಬಾರಿ ಸಾಮಾನು. "ಆಫೀಸಿಗೆ ಬಸ್ಸಿನಾಗ ಹೋಗವಾ, ಸಂಜಿಕ್ಕ ನೋಡೋಣು" ಅಂದೆ.

ಸಂಜೆ ಸ್ಕ್ಯಾನರ್ ಹಚ್ಚಿದಳು. ಪಿ 0302. ಎರಡನೇ ಸಿಲಿಂಡರ್ ಮಿಸ್ಸಿಂಗ್. ಕಾಯಿಲ್ಲೋ, ಪ್ಲಗ್ಗೋ, ಇಂಜೆಕ್ಟರೋ? ಯಾವುದನ್ನೂ ಕೊಳ್ಳಲಿಲ್ಲ. ಆ ಗಾಡಿಯಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲ್. ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿದಳು, ಮೂರನೆಯದನ್ನು ಎರಡನೆಯದಕ್ಕೆ. ಪ್ಲಗ್ಗುಗಳನ್ನು ಇದ್ದಲ್ಲೇ ಬಿಟ್ಟೆವು. ಕೋಡ್ ಬರೆದುಕೊಂಡು ಅಳಿಸಿ, ಎರಡು ನಿಮಿಷ ಎಂಜಿನ್ ಓಡಿಸಿದೆವು. ದೀಪ ಮತ್ತೆ ಮಿಣುಕಿತು. ಅವಳು ಮೊಬೈಲ್ ನೋಡಿ ಜೋರಾಗಿ ಓದಿದಳು, "ಪಿ 0303, ಕಾಕಾ!" ದೋಷ ಕಾಯಿಲ್ ಜೊತೆಗೇ ಮೂರನೇ ಮನೆಗೆ ಹೋಗಿತ್ತು.

ಮರುದಿನ ಅವಳೇ ನಾನಾ ಪೇಟೆಗೆ ಹೋಗಿ ಒಂದೇ ಒಂದು ಕಾಯಿಲ್ ತಂದು ಹಾಕಿದಳು. ಸಂಕ್ರಾಂತಿಗೆ ಅದೇ ಗಾಡಿಯಲ್ಲಿ ಬೆಳಗಾವಿಗೆ ಹೋಗಿ ಬಂದಳು. ವಹಿಯಲ್ಲಿ ಆ ದಿನದ ತಾರೀಖು, ಎರಡೂ ಕೋಡು ಅವಳ ಕೈಬರಹದಲ್ಲೇ ಇವೆ.

ನಮಸ್ಕಾರ.